ಹಿಂದಿರುಗಬೇಕಾದ ತೆರಿಗೆ ಹಣ ಎಲ್ಲಿ ನಿಂತಿದೆ?

ಕಾಲೇಜಿನಲ್ಲಿ ಓದುತ್ತಿರುವ ನಮಗೂ ಆದಾಯ ತೆರಿಗೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ತೆರಿಗೆ ಕಟ್ಟುವಷ್ಟು ಆದಾಯ ನಿಮಗಿಲ್ಲ ಎಂಬುದು ನಿಜ. ಆದರೆ ತೆರಿಗೆ ಕಟ್ಟಬೇಕಾಗಿಲ್ಲದವರ ಕೈಯಿಂದಲೂ ತೆರಿಗೆ ಹೋಗಿರುತ್ತದೆ. ಅದನ್ನು ವಾಪಸು ಪಡೆಯುವ ದಾರಿ ಗೊತ್ತಿಲ್ಲದೆ ಸುಮ್ಮನಿರುವವರು ಬಹಳ ಮಂದಿ. ಅಂಥವರಲ್ಲಿ ನೀವೂ ಒಬ್ಬರಾಗಿರಬಹುದು, ನಿಮ್ಮ ಮನೆಯ ಹಿರಿಯರೂ ಒಬ್ಬರಾಗಿರಬಹುದು. ಈಗ ಎಷ್ಟೋ ಮನೆಗಳಲ್ಲಿ ಅಪ್ಪನ, ಅಜ್ಜಿಯ ತೆರಿಗೆ ಕಾಗದಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡುವವರು ಓದುವ ಮಕ್ಕಳೇ ಅಲ್ಲವೇ?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಧಾರವಾಡದಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ಬಿಡುವಿನ ವೇಳೆಯಲ್ಲಿ ಒಂದು ಕಂಪನಿಗೆ ಅನುವಾದದ ಕೆಲಸ ಮಾಡಿಕೊಟ್ಟಳು ಎಂದು ಭಾವಿಸಿ. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಹಣಕಾಸು ವರ್ಷದಲ್ಲಿ ಅವಳ ಸಂಭಾವನೆ ರೂ. 60,000. ಕಂಪನಿ ಅದನ್ನು ವೃತ್ತಿ ಶುಲ್ಕವೆಂದು ಪರಿಗಣಿಸಿ ಶೇ. 10ರಂತೆ ರೂ. 6,000 ಕಡಿದುಕೊಂಡು, ಉಳಿದ ರೂ. 54,000ವನ್ನು ಅವಳ ಖಾತೆಗೆ ಹಾಕಿತು. ಕಡಿದ ಹಣ ಅವಳ ಪ್ಯಾನ್ ಸಂಖ್ಯೆಯ ಲೆಕ್ಕದಲ್ಲಿ ಸರ್ಕಾರದ ಬೊಕ್ಕಸ ಸೇರಿತು. ಇದಕ್ಕೆ ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿಡಿಎಸ್ ಎಂದು ಹೆಸರು. ಆ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ ರೂ. 3 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇರಲಿಲ್ಲ. ಬೇರೆ ಆದಾಯವಿಲ್ಲದ ಈ ವಿದ್ಯಾರ್ಥಿನಿ ಕಟ್ಟಬೇಕಾದ ತೆರಿಗೆ ಸೊನ್ನೆ. ಹಾಗಾಗಿ ಆರು ಸಾವಿರವೂ ಅವಳದೇ. ಒಂದು ಸೆಮಿಸ್ಟರಿನ ಪುಸ್ತಕ, ಬಸ್ ಪಾಸು, ಪರೀಕ್ಷಾ ಶುಲ್ಕ ಎಲ್ಲವೂ ಅದರಲ್ಲಿ ಅಡಗಿರಬಹುದು.

ಕೊಡುವ ಕಂಪನಿಗೆ ಅವಳ ಒಟ್ಟು ಆದಾಯ ಎಷ್ಟೆಂದು ತಿಳಿಯುವ ಬಗೆಯಿಲ್ಲ. ಆದ್ದರಿಂದ ಕಾನೂನು ಮೊದಲು ಕಡಿಯಲು ಹೇಳುತ್ತದೆ, ಲೆಕ್ಕ ಆಮೇಲೆ. ಆ ಲೆಕ್ಕವನ್ನು ಒಪ್ಪಿಸುವ ಪತ್ರವೇ ರಿಟರ್ನ್. ಇಷ್ಟು ಕಡಿಮೆ ಆದಾಯದವರು ರಿಟರ್ನ್ ಸಲ್ಲಿಸಲೇಬೇಕೆಂಬ ಕಡ್ಡಾಯವೇನೂ ಇಲ್ಲ. ಆದರೆ ಸಲ್ಲಿಸದಿದ್ದರೆ ಹಣ ಬರುವುದಿಲ್ಲ. ಸರ್ಕಾರ ತಾನಾಗಿ ಕರೆದು ಕೊಡುವುದಿಲ್ಲ.

ಈ ಹಣ ಸರ್ಕಾರದ ಅನುಗ್ರಹವಲ್ಲ, ಸಹಾಯಧನವೂ ಅಲ್ಲ. ನಿಮ್ಮ ಹಣವನ್ನು ಸರ್ಕಾರ ಇಟ್ಟುಕೊಂಡಿತ್ತು, ಲೆಕ್ಕ ನೋಡಿ ಹಿಂದಿರುಗಿಸುತ್ತದೆ. 2014ರಲ್ಲಿ ಟಾಟಾ ಕೆಮಿಕಲ್ಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹಕ್ಕಿಲ್ಲದೆ ಇಟ್ಟುಕೊಂಡ ಹಣಕ್ಕೆ ಬಡ್ಡಿಯ ಹೊಣೆಯೂ ಸೇರಿಯೇ ಬರುತ್ತದೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದ್ದರಿಂದ ಮರುಪಾವತಿ ತಡವಾದಾಗ ಕೈಕಟ್ಟಿ ಬೇಡುವ ಅಗತ್ಯವಿಲ್ಲ. ಹಾಗೆಂದು ಕೂಗಾಡಿಯೂ ಪ್ರಯೋಜನವಿಲ್ಲ. ಹಣ ಎಲ್ಲಿ ನಿಂತಿದೆ, ಮುಂದಿನ ಹೆಜ್ಜೆ ಇಡಬೇಕಾದವರು ಯಾರು ಎಂಬುದನ್ನು ತಿಳಿಯಬೇಕು. ಇಲಾಖೆಯ ಜಾಲತಾಣದಲ್ಲಿ ಕಾಣುವ ‘ಸ್ಥಿತಿ’ ಎಂಬ ಪುಟ್ಟ ಸಾಲು ಹೇಳುವುದು ಅದನ್ನೇ.

ಬೆಂಗಳೂರಿನ ಕೇಂದ್ರ

ಹಿಂದೆ ರಿಟರ್ನುಗಳನ್ನು ಆಯಾ ಊರಿನ ತೆರಿಗೆ ಕಚೇರಿಯಲ್ಲಿ ಕಾಗದದ ಮೇಲೆ ಸಲ್ಲಿಸಬೇಕಾಗಿತ್ತು. ಅಧಿಕಾರಿಯೇ ಅದನ್ನು ನೋಡಿ, ಮರುಪಾವತಿಯ ಆದೇಶವನ್ನು ಬರೆದು ಕಳುಹಿಸುತ್ತಿದ್ದರು. ಕಡತಗಳ ರಾಶಿಯಲ್ಲಿ ಯಾರ ಕಾಗದ ಎಲ್ಲಿದೆ ಎಂದು ಕೇಳಲು ಕಚೇರಿಗೇ ಹೋಗಬೇಕಿತ್ತು. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಆರಂಭವಾದ ಮೇಲೆ ಈ ಚಿತ್ರ ಬದಲಾಯಿತು. ಸಿಪಿಸಿ ಎಂದು ಕರೆಯುವುದು ಇದನ್ನೇ. ಕಾಶ್ಮೀರದವರ ರಿಟರ್ನ್ ಆಗಲಿ, ಕಾರವಾರದವರ ರಿಟರ್ನ್ ಆಗಲಿ, ಮೊದಲ ಪರಿಶೀಲನೆ ನಡೆಯುವುದು ಬೆಂಗಳೂರಿನ ಈ ಕೇಂದ್ರದ ಗಣಕಯಂತ್ರಗಳಲ್ಲಿ. ಅದರ ಅಂಚೆ ಸೂಚಿ ಸಂಖ್ಯೆ 560500ನ್ನು ದೇಶದ ಮೂಲೆಮೂಲೆಯ ತೆರಿಗೆದಾರರು ಲಕೋಟೆಗಳ ಮೇಲೆ ಬರೆದಿದ್ದಾರೆ.

ವೇಗ ಎಷ್ಟು ಹೆಚ್ಚಿತು? ಕೇಂದ್ರೀಯ ನೇರ ತೆರಿಗೆ ಮಂಡಳಿ 2023ರ ಸೆಪ್ಟೆಂಬರ್‌ನಲ್ಲಿ ನೀಡಿದ ಲೆಕ್ಕದಂತೆ, 2019-20ರ ಕರನಿರ್ಧಾರಣಾ ವರ್ಷದಲ್ಲಿ ದೃಢೀಕೃತ ರಿಟರ್ನ್ ಒಂದರ ಪರಿಶೀಲನೆಗೆ ಸರಾಸರಿ 82 ದಿನ ಹಿಡಿಯುತ್ತಿತ್ತು. 2023-24ರಲ್ಲಿ ಅದು 10 ದಿನಕ್ಕೆ ಇಳಿಯಿತು. ನಿಮ್ಮ ಗೆಳೆಯನ ಹಣ ವಾರದಲ್ಲಿ ಬಂದು, ನಿಮ್ಮದು ನಾಲ್ಕು ತಿಂಗಳಾದರೂ ಬಾರದಿದ್ದಾಗ ಆತಂಕವಾಗುವುದು ಈ ವೇಗದಿಂದಲೇ. ಸರಾಸರಿ ಎಂದರೆ ಎಲ್ಲರಿಗೂ ಹತ್ತು ದಿನ ಎಂದಲ್ಲ. ಸಂಖ್ಯಾಶಾಸ್ತ್ರ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣಕಾಸು ವರ್ಷ, ಕರನಿರ್ಧಾರಣಾ ವರ್ಷ ಎಂಬ ಎರಡು ಹೆಸರುಗಳಿಂದ ಗೊಂದಲವಾಗಬಾರದು. ಗಳಿಸಿದ್ದು 2024-25ರಲ್ಲಿ, ಅದರ ಲೆಕ್ಕ ಒಪ್ಪಿಸುವ 2025-26 ಕರನಿರ್ಧಾರಣಾ ವರ್ಷ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು, ಅದರ ಜಾರಿಯ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ ಈ ಜೋಡಿ ಹೆಸರುಗಳ ಬದಲು ‘ತೆರಿಗೆ ವರ್ಷ’ ಎಂಬ ಒಂದೇ ಹೆಸರಿದೆ, ಕಲಂಗಳ ಸಂಖ್ಯೆಗಳೂ ಬೇರೆ. ಆದರೆ 2026ರ ಮಾರ್ಚ್‌ವರೆಗಿನ ಗಳಿಕೆಗೆ ಹಳೆಯ ಕಾಯ್ದೆಯೇ ಅನ್ವಯಿಸುವುದರಿಂದ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸಿದ್ದೇನೆ.

ಸ್ಥಿತಿಯ ಸಾಲನ್ನು ಓದುವ ಬಗೆ

ಇ-ಫೈಲಿಂಗ್ ಜಾಲತಾಣದಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯಿಂದ ಒಳಹೊಕ್ಕು, ಸಲ್ಲಿಸಿದ ರಿಟರ್ನುಗಳ ಪುಟವನ್ನು ತೆರೆದರೆ ಪ್ರತಿ ವರ್ಷದ ರಿಟರ್ನಿನ ಎದುರಿಗೂ ಅದು ಸಾಗಿಬಂದ ಹಂತಗಳು ದಿನಾಂಕ ಸಹಿತ ಕಾಣುತ್ತವೆ. ಅಲ್ಲಿನ ಮಾತುಗಳು ಇಂಗ್ಲಿಷಿನಲ್ಲಿದ್ದು ಸ್ವಲ್ಪ ಒರಟಾಗಿವೆ. ಒಂದೊಂದಾಗಿ ನೋಡೋಣ.

‘ಸಬ್‌ಮಿಟೆಡ್ ಅಂಡ್ ಪೆಂಡಿಂಗ್ ಫಾರ್ ಇ-ವೆರಿಫಿಕೇಷನ್’ ಎಂದಿದ್ದರೆ ತಡವಾಗಿರುವುದು ಇಲಾಖೆಯಿಂದಲ್ಲ, ನಿಮ್ಮಿಂದ. ರಿಟರ್ನ್ ಕಳುಹಿಸಿದರಷ್ಟೇ ಸಾಲದು. ಇದು ನನ್ನದೇ ಎಂದು ದೃಢೀಕರಿಸಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆಯಿಂದ ಇದು ಎರಡು ನಿಮಿಷದ ಕೆಲಸ. ಆಗದವರು ಐಟಿಆರ್-ವಿ ಎಂಬ ಒಂದು ಪುಟಕ್ಕೆ ಸಹಿ ಮಾಡಿ ಬೆಂಗಳೂರಿಗೆ ಅಂಚೆಯಲ್ಲಿ ಕಳುಹಿಸಬಹುದು. ಇದಕ್ಕೆ ಮೊದಲು 120 ದಿನಗಳ ಕಾಲಾವಕಾಶವಿತ್ತು. 2022ರ ಆಗಸ್ಟ್ 1ರಿಂದ ಅದು 30 ದಿನಕ್ಕೆ ಇಳಿದಿದೆ. ಆ ಅವಧಿ ಮೀರಿ ದೃಢೀಕರಿಸಿದರೆ, ದೃಢೀಕರಿಸಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನವೆಂದು ಎಣಿಸುತ್ತಾರೆ. ಜುಲೈನಲ್ಲಿ ಕಳುಹಿಸಿದೆನೆಂದು ನಂಬಿಕೊಂಡು ಡಿಸೆಂಬರ್‌ನಲ್ಲಿ ದೂರು ಕೊಡುವವರಲ್ಲಿ ಕೆಲವರ ಕಥೆ ಇಷ್ಟೇ ಆಗಿರುತ್ತದೆ.

‘ಸಕ್ಸೆಸ್‌ಫುಲಿ ಇ-ವೆರಿಫೈಡ್’ ಎಂದರೆ ನಿಮ್ಮ ಹೆಜ್ಜೆ ಮುಗಿದಿದೆ, ಇನ್ನು ಸರದಿ ಕೇಂದ್ರದ್ದು. ಇಲ್ಲಿಯೇ ಕಾಯುವಿಕೆ ಆರಂಭವಾಗುತ್ತದೆ. ಕಾನೂನು ಇಲಾಖೆಗೆ ಎಷ್ಟು ಸಮಯ ಕೊಟ್ಟಿದೆ ಗೊತ್ತೇ? ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು. ನಮ್ಮ ವಿದ್ಯಾರ್ಥಿನಿ 2025ರ ಆಗಸ್ಟ್ 20ರಂದು ರಿಟರ್ನ್ ಸಲ್ಲಿಸಿ ದೃಢೀಕರಿಸಿದಳು ಎಂದುಕೊಳ್ಳಿ. ಆ ಹಣಕಾಸು ವರ್ಷ 2026ರ ಮಾರ್ಚ್‌ಗೆ ಮುಗಿಯುತ್ತದೆ; ಅಲ್ಲಿಂದ ಒಂಬತ್ತು ತಿಂಗಳೆಂದರೆ 2026ರ ಡಿಸೆಂಬರ್ 31. ಅಷ್ಟರವರೆಗೂ ಇಲಾಖೆ ಕಾನೂನಿನ ಮಿತಿಯೊಳಗೇ ಇರುತ್ತದೆ. ಕೇಳಲು ಇದು ಬೇಸರದ ಸಂಗತಿಯೇ. ಆದರೆ ಮೂರು ವಾರಕ್ಕೇ ಕಂಗೆಡುವ ಅಗತ್ಯವಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

‘ಡಿಫೆಕ್ಟಿವ್’ ಎಂಬ ಮಾತು ಕಂಡರೆ ಮಾತ್ರ ಸುಮ್ಮನೆ ಕೂರಬೇಡಿ. ರಿಟರ್ನಿನಲ್ಲಿ ದೋಷವಿದೆ ಎಂದು ಕಲಂ 139(9)ರ ಕೆಳಗೆ ನೋಟಿಸು ಬಂದಿದೆ ಎಂದರ್ಥ. ಉತ್ತರಿಸಲು ಸಾಮಾನ್ಯವಾಗಿ 15 ದಿನ. ಉತ್ತರಿಸದಿದ್ದರೆ ರಿಟರ್ನನ್ನೇ ಸಲ್ಲಿಸಿಲ್ಲ ಎಂದು ಎಣಿಸಬಹುದು. ವಿದ್ಯಾರ್ಥಿಗಳು ಮಾಡುವ ಒಂದು ತಪ್ಪು ಇಲ್ಲಿ ಬರುತ್ತದೆ. ಸಂಬಳದವರು ಬಳಸುವ ಐಟಿಆರ್-1 ನಮೂನೆ ಸರಳವಾಗಿರುವುದರಿಂದ ಎಲ್ಲರೂ ಅದನ್ನೇ ತುಂಬುತ್ತಾರೆ. ಕಡಿತವಾಗಿರುವುದು ವೃತ್ತಿ ಶುಲ್ಕದ ಮೇಲಾದರೆ ಆ ಆದಾಯವನ್ನು ಐಟಿಆರ್-1ರಲ್ಲಿ ತೋರಿಸಲು ಜಾಗವೇ ಇಲ್ಲ; ಸಂದರ್ಭಕ್ಕೆ ತಕ್ಕಂತೆ ಐಟಿಆರ್-3 ಅಥವಾ ಐಟಿಆರ್-4 ಬೇಕು. ಟಿಡಿಎಸ್ ಕೇಳಿದ್ದೀರಿ, ಅದಕ್ಕೆ ತಕ್ಕ ಆದಾಯವನ್ನು ಯಾವ ಕಾಲಮಿನಲ್ಲೂ ತೋರಿಸಿಲ್ಲ ಎಂದರೆ ಗಣಕಯಂತ್ರ ಒಪ್ಪುವುದಿಲ್ಲ.

‘ಪ್ರೊಸೆಸ್ಡ್’ ಎಂದು ಬಂದಾಗ ಕಲಂ 143(1)ರ ತಿಳಿವಳಿಕೆ ಪತ್ರ ನಿಮ್ಮ ಇ-ಮೇಲಿಗೆ ಬಂದಿರುತ್ತದೆ. ಈ ಪಿಡಿಎಫ್ ಕಡತಕ್ಕೆ ಬೀಗವಿರುತ್ತದೆ; ಸಣ್ಣಕ್ಷರದಲ್ಲಿ ಬರೆದ ಪ್ಯಾನ್ ಸಂಖ್ಯೆಯ ಮುಂದೆ ಹುಟ್ಟಿದ ದಿನಾಂಕವನ್ನು ಎಂಟು ಅಂಕಿಗಳಲ್ಲಿ ಸೇರಿಸಿದರೆ ಅದೇ ಕೀಲಿ. ತೆರೆದರೆ ಎರಡು ಕಾಲಮುಗಳು ಕಾಣುತ್ತವೆ. ಒಂದರಲ್ಲಿ ನೀವು ಹೇಳಿದ ಅಂಕಿಗಳು, ಇನ್ನೊಂದರಲ್ಲಿ ಇಲಾಖೆಯ ಲೆಕ್ಕದ ಅಂಕಿಗಳು. ಸಾಲು ಸಾಲಾಗಿ ಬೆರಳಿಟ್ಟು ಹೋಲಿಸಿ ನೋಡಿ. ಎಲ್ಲಿ ಎರಡೂ ಬೇರೆಯಾಗುತ್ತವೆಯೋ ಅಲ್ಲಿಯೇ ನಿಮ್ಮ ಹಣ ಸಿಕ್ಕಿಕೊಂಡಿದೆ. ಪುಟಗಟ್ಟಲೆ ಇರುವ ಈ ಪತ್ರವನ್ನು ಹೆಚ್ಚಿನವರು ಓದುವುದೇ ಇಲ್ಲ. ಕೊನೆಯ ಸಾಲಿನಲ್ಲಿ ‘ನೋ ಡಿಮಾಂಡ್ ನೋ ರಿಫಂಡ್’ ಎಂದು ಕಂಡರೆ, ಕಟ್ಟುವುದೂ ಇಲ್ಲ, ಬರುವುದೂ ಇಲ್ಲ ಎಂದರ್ಥ. ನಿಮಗೆ ಬರಬೇಕಾದದ್ದಿದ್ದೂ ಹೀಗೆ ಬಂದಿದ್ದರೆ, ಮೊದಲು ನೋಡಬೇಕಾದದ್ದು ತೆರಿಗೆ ಕಡಿತದ ಸಾಲು.

ಕಡಿದವರು ಲೆಕ್ಕ ಕೊಟ್ಟಿದ್ದಾರೆಯೇ?

ಇದು ಸ್ವಲ್ಪ ನಿಂತು ನೋಡಬೇಕಾದ ವಿಷಯ. ತೆರಿಗೆ ಕಡಿದ ಕಂಪನಿ ಎರಡು ಕೆಲಸ ಮಾಡಬೇಕು. ಒಂದು, ಹಣವನ್ನು ಸರ್ಕಾರಕ್ಕೆ ಕಟ್ಟುವುದು. ಎರಡು, ಯಾರಿಂದ ಎಷ್ಟು ಕಡಿಯಲಾಯಿತು ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ, ಪ್ರತಿಯೊಬ್ಬರ ಪ್ಯಾನ್ ಸಂಖ್ಯೆಯೊಂದಿಗೆ ಸಲ್ಲಿಸುವುದು. ಆ ಪಟ್ಟಿಯ ಆಧಾರದ ಮೇಲೆ ನಿಮ್ಮ ಹೆಸರಿನ ಲೆಕ್ಕದ ಹಾಳೆ ಸಿದ್ಧವಾಗುತ್ತದೆ. ಅದೇ ನಮೂನೆ 26ಎಎಸ್. ಬ್ಯಾಂಕಿನ ಪಾಸ್‌ಬುಕ್ ಇದ್ದಂತೆ ಇದು ತೆರಿಗೆಯ ಪಾಸ್‌ಬುಕ್. 2021ರ ನವೆಂಬರ್‌ನಿಂದ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್ ಕೂಡ ಇದರ ಜೊತೆಗಿದ್ದು, ಬಡ್ಡಿ, ಲಾಭಾಂಶ ಮೊದಲಾದ ವಿವರಗಳನ್ನೂ ತೋರಿಸುತ್ತದೆ.

ಈಗ ಕಂಪನಿಯ ಗುಮಾಸ್ತರು ನಿಮ್ಮ ಪ್ಯಾನ್ ಸಂಖ್ಯೆಯ ಒಂದು ಅಕ್ಷರವನ್ನು ತಪ್ಪಾಗಿ ಬರೆದರೆ ಏನಾಗುತ್ತದೆ? ನಿಮ್ಮ ಆರು ಸಾವಿರ ಬೇರೆ ಯಾರದೋ ಪಾಸ್‌ಬುಕ್ಕಿಗೆ ಹೋಗುತ್ತದೆ, ಅಥವಾ ಎಲ್ಲಿಯೂ ಸೇರದೆ ಉಳಿಯುತ್ತದೆ. ನಿಮ್ಮ ಕೈಯಲ್ಲಿ ಕಡಿತದ ಪ್ರಮಾಣಪತ್ರ ಇದ್ದರೂ ಕೇಂದ್ರದ ಗಣಕಯಂತ್ರ ನೋಡುವುದು 26ಎಎಸ್ ಹಾಳೆಯನ್ನು ಮಾತ್ರ. ಆಗ ಬೆಂಗಳೂರಿಗೆ ಎಷ್ಟು ದೂರು ಬರೆದರೂ ಉಪಯೋಗವಿಲ್ಲ. ಪಟ್ಟಿಯನ್ನು ತಿದ್ದಿ ಮತ್ತೆ ಸಲ್ಲಿಸಬೇಕಾದವರು ಕಡಿದ ಕಂಪನಿಯವರು. ಅವರ ಲೆಕ್ಕ ವಿಭಾಗಕ್ಕೆ ಲಿಖಿತವಾಗಿ ಕೇಳಬೇಕು. ವೃತ್ತಿ ಶುಲ್ಕ, ಬಡ್ಡಿ ಮೊದಲಾದವುಗಳ ಕಡಿತಕ್ಕೆ ನಮೂನೆ 16ಎ ಎಂಬ ಪ್ರಮಾಣಪತ್ರವನ್ನು ಕೊಡುವುದು ಅವರ ಕರ್ತವ್ಯ. ಅದನ್ನು ಕೇಳಿ ಪಡೆದು, ಹಣ ಬಂದ ಬ್ಯಾಂಕ್ ಪುಟದ ಪ್ರತಿಯೊಂದಿಗೆ ಇಟ್ಟುಕೊಳ್ಳಿ. ಸಂಭಾವನೆ ಬಂದ ಸಂತೋಷದಲ್ಲಿ ಕಡಿತದ ಕಾಗದವನ್ನು ಮರೆಯುವುದು ಸಹಜ. ಒಂದು ವರ್ಷದ ನಂತರ ಕೇಳಿದರೆ ಕೆಲಸ ಕೊಟ್ಟವರೇ ಆ ಕಂಪನಿ ಬಿಟ್ಟುಹೋಗಿರುತ್ತಾರೆ.

ಕಂಪನಿ ಹಣ ಕಡಿದು ಸರ್ಕಾರಕ್ಕೆ ಕಟ್ಟದೇ ಇದ್ದರೆ? ನಿಮ್ಮಿಂದ ಕಡಿದಾಗಿರುವ ತೆರಿಗೆಯನ್ನು ನಿಮ್ಮಿಂದಲೇ ಮತ್ತೆ ವಸೂಲಿ ಮಾಡಬಾರದು ಎಂದು ಕಲಂ 205 ಹೇಳುತ್ತದೆ. ಮಂಡಳಿ 2015ರಲ್ಲಿ ತನ್ನ ಅಧಿಕಾರಿಗಳಿಗೆ ಇದನ್ನು ನೆನಪಿಸಿತು. ಗುಜರಾತ್ ಹೈಕೋರ್ಟ್ 2014ರಲ್ಲಿ ಒಂದು ಪ್ರಕರಣದಲ್ಲಿ, ಕಡಿತಕ್ಕೆ ಪ್ರಮಾಣಪತ್ರವಿರುವಾಗ ಅದರ ಲಾಭವನ್ನು ತೆರಿಗೆದಾರನಿಗೆ ನಿರಾಕರಿಸಬಾರದು ಎಂದಿತು. ಆದರೂ ಇಂಥ ಮರುಪಾವತಿಯನ್ನು ಪಡೆಯಲು ನಿಮ್ಮ ಕರನಿರ್ಧಾರಣಾಧಿಕಾರಿಗೆ ದಾಖಲೆಗಳೊಂದಿಗೆ ಅರ್ಜಿ ಕೊಟ್ಟು ಓಡಾಡಬೇಕಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ತಪ್ಪು ಒಬ್ಬರದು, ಓಡಾಟ ಇನ್ನೊಬ್ಬರದು.

ಈ ಹೊಂದಾಣಿಕೆಯ ತೊಡಕು 2013ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ದೊಡ್ಡ ರೂಪದಲ್ಲಿ ಬಂದಿತ್ತು. ಲೆಕ್ಕ ಪರಿಶೋಧಕರೊಬ್ಬರು ತೆರಿಗೆದಾರರ ಕಷ್ಟಗಳನ್ನು ವಿವರಿಸಿ ಬರೆದ ಪತ್ರವನ್ನೇ ನ್ಯಾಯಾಲಯ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಾಗಿ ಸ್ವೀಕರಿಸಿತು. ಹಳೆಯ ಬಾಕಿಯ ಹೆಸರಿನಲ್ಲಿ ಮರುಪಾವತಿಯನ್ನು ಹೇಳದೆ ಕೇಳದೆ ಮುರಿದುಕೊಳ್ಳಬಾರದು, ಕಲಂ 245ರಂತೆ ಮೊದಲು ತಿಳಿಸಿ ತೆರಿಗೆದಾರರ ಉತ್ತರವನ್ನು ಪರಿಶೀಲಿಸಬೇಕು ಎಂದು ಆ ವರ್ಷದ ಮಾರ್ಚ್‌ನಲ್ಲಿ ನಿರ್ದೇಶಿಸಿತು. ನಿಮ್ಮ ಸ್ಥಿತಿಯ ಸಾಲಿನಲ್ಲಿ ‘ರಿಫಂಡ್ ಅಡ್ಜಸ್ಟೆಡ್’ ಎಂದು ಕಂಡರೆ ಹಳೆಯ ಯಾವುದೋ ವರ್ಷದ ಬಾಕಿಗೆ ಹಣ ಹೋಗಿದೆ ಎಂದು ತಿಳಿಯಿರಿ. ವಿದ್ಯಾರ್ಥಿಗಳಿಗೆ ಹಳೆಯ ಬಾಕಿ ಇರುವುದು ಅಪರೂಪ. ಅಪ್ಪ ಅಮ್ಮಂದಿರ ವಿಷಯದಲ್ಲಿ ಇದು ಉಂಟು. ನೋಟಿಸು ಬಂದಾಗ ಅದರಲ್ಲಿ ಹೇಳಿದ ದಿನದೊಳಗೆ ಬಾಕಿ ಒಪ್ಪಿಗೆಯೋ ಇಲ್ಲವೋ ಎಂದು ಉತ್ತರಿಸಬೇಕು. ಮೌನವಾಗಿದ್ದರೆ ಒಪ್ಪಿದಂತೆ ಲೆಕ್ಕ.

ಬ್ಯಾಂಕಿನ ಬಾಗಿಲಲ್ಲಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ, ‘ರಿಫಂಡ್ ಫೇಲ್ಯೂರ್’ ಎಂಬ ಸ್ಥಿತಿ ಹಾಗೆಯೇ. ಇಲಾಖೆ ಹಣವನ್ನು ಮಂಜೂರು ಮಾಡಿ, ಮರುಪಾವತಿಯ ಬ್ಯಾಂಕಾದ ಭಾರತೀಯ ಸ್ಟೇಟ್ ಬ್ಯಾಂಕಿಗೆ ಕಳುಹಿಸಿದೆ. ಅಲ್ಲಿಂದ ನಿಮ್ಮ ಖಾತೆಗೆ ಸೇರದೆ ಹಿಂದಿರುಗಿದೆ. 2019ರ ಮಾರ್ಚ್‌ನಿಂದ ಮರುಪಾವತಿಗೆ ಚೆಕ್ಕಿನ ಪದ್ಧತಿಯಿಲ್ಲ. ಪ್ಯಾನ್ ಜೋಡಿಸಿದ, ಜಾಲತಾಣದಲ್ಲಿ ಮುಂಚಿತವಾಗಿ ಪರೀಕ್ಷಿಸಿ ದೃಢಪಡಿಸಿದ ಖಾತೆಗೆ ಮಾತ್ರ ಹಣ ಬರುತ್ತದೆ.

ನಮ್ಮ ಕಡೆಯ ಹೆಸರುಗಳು ಇಲ್ಲಿ ವಿಶೇಷವಾಗಿ ತೊಂದರೆ ಕೊಡುತ್ತವೆ. ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳು ಮುಂದಿರುತ್ತವೆ, ಬ್ಯಾಂಕಿನಲ್ಲಿ ಅವೇ ಹಿಂದಕ್ಕೆ ಹೋಗಿರುತ್ತವೆ, ಪ್ಯಾನ್ ಚೀಟಿಯಲ್ಲಿ ಅಕ್ಷರಗಳನ್ನು ಬಿಡಿಸಿ ಪೂರ್ತಿ ಬರೆದಿರುತ್ತದೆ. ಮೂರೂ ನಿಮ್ಮ ಹೆಸರೇ ಎಂದು ಊರಿಗೆಲ್ಲ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ. ಇನ್ನೊಂದು ಕಾರಣ, ಬ್ಯಾಂಕುಗಳ ವಿಲೀನ. ಕರ್ನಾಟಕದಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಅವುಗಳ ಶಾಖೆಗಳ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು. ಅಜ್ಜನ ಹಳೆಯ ಪಾಸ್‌ಬುಕ್ಕಿನಿಂದ ನಕಲು ಮಾಡಿದ ಸಂಕೇತ ಇಂದು ಯಾವ ಶಾಖೆಯನ್ನೂ ತಲುಪುವುದಿಲ್ಲ. ಹೆಸರನ್ನೋ ಸಂಕೇತವನ್ನೋ ಸರಿಪಡಿಸಿ, ಖಾತೆಯನ್ನು ಮತ್ತೆ ದೃಢಪಡಿಸಿ, ಜಾಲತಾಣದ ಸೇವೆಗಳ ಪಟ್ಟಿಯಲ್ಲಿರುವ ‘ರಿಫಂಡ್ ರೀ-ಇಷ್ಯೂ’ ಎಂಬ ಕೋರಿಕೆಯನ್ನು ಸಲ್ಲಿಸಬೇಕು. ಕೋರದಿದ್ದರೆ ಹಣ ಅಲ್ಲಿಯೇ ಉಳಿಯುತ್ತದೆ.

ಪ್ಯಾನ್ ಸಂಖ್ಯೆಗೆ ಆಧಾರ್ ಜೋಡಿಸಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಜೋಡಿಸದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಯಿತು. ನಿಷ್ಕ್ರಿಯವಾಗಿರುವಷ್ಟು ಕಾಲ ಮರುಪಾವತಿಯೂ ಇಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ.

ತಡವಾದರೆ ಬಡ್ಡಿ

ಕಲಂ 244ಎ ಪ್ರಕಾರ ಮರುಪಾವತಿಯ ಮೇಲೆ ತಿಂಗಳಿಗೆ ಶೇ. 0.5 ಬಡ್ಡಿ ಸಿಗುತ್ತದೆ. ಟಿಡಿಎಸ್ ಮರುಪಾವತಿಯಾದರೆ, ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಕರನಿರ್ಧಾರಣಾ ವರ್ಷದ ಏಪ್ರಿಲ್ 1ರಿಂದ ಎಣಿಕೆ. ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ. ತಿಂಗಳಿನ ಒಂದು ಭಾಗವನ್ನೂ ಇಡೀ ತಿಂಗಳೆಂದೇ ಎಣಿಸುತ್ತಾರೆ. 2025-26ರ ಕರನಿರ್ಧಾರಣಾ ವರ್ಷಕ್ಕೆ ಸಾಮಾನ್ಯ ತೆರಿಗೆದಾರರ ಗಡುವು ಜುಲೈ 31ರಿಂದ ಮುಂದೆ ಹೋಗಿ 2025ರ ಸೆಪ್ಟೆಂಬರ್ 16 ಆಗಿತ್ತು. ನಮ್ಮ ವಿದ್ಯಾರ್ಥಿನಿ ಅದಕ್ಕೆ ಮುಂಚೆಯೇ ಸಲ್ಲಿಸಿದ್ದಾಳೆ. ನವೆಂಬರ್ 10ಕ್ಕೆ ಹಣ ಮಂಜೂರಾಯಿತು ಎಂದರೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಎಂಟು ತಿಂಗಳು, ಶೇ. 4, ಆರು ಸಾವಿರಕ್ಕೆ ರೂ. 240. ಅವಳ ಸಹಪಾಠಿಯೊಬ್ಬ ಅಷ್ಟೇ ಹಣಕ್ಕೆ ನವೆಂಬರ್ 20ರಂದು ರಿಟರ್ನ್ ಸಲ್ಲಿಸಿ, ಜನವರಿ 10ರಂದು ಹಣ ಪಡೆದರೆ ಅವನಿಗೆ ಎರಡು ತಿಂಗಳಿನ ಬಡ್ಡಿ ರೂ. 60 ಮಾತ್ರ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ತೆರಿಗೆ ಕಟ್ಟಲು ನಾವು ತಡಮಾಡಿದರೆ ತಿಂಗಳಿಗೆ ಶೇ. 1 ಬಡ್ಡಿ ತೆರಬೇಕು. ಸರ್ಕಾರ ತಡಮಾಡಿದರೆ ಅದರ ಅರ್ಧ. ಈ ಅಂತರಕ್ಕೆ ಒಪ್ಪುವಂಥ ಕಾರಣ ನನಗೆ ಕಾಣದು.

ತಡವಾಗಿ ರಿಟರ್ನ್ ಸಲ್ಲಿಸಿದರೆ ಮರುಪಾವತಿ ತಪ್ಪಿಯೇ ಹೋಗುತ್ತದೆಯೇ ಎಂಬುದು ಹಲವರ ಭಯ. ಆ ವರ್ಷಕ್ಕೆ 2025ರ ಡಿಸೆಂಬರ್ 31ರವರೆಗೆ ತಡವಾದ ರಿಟರ್ನಿನಲ್ಲೂ ಕೇಳಲು ಅವಕಾಶವಿತ್ತು. ಹೊಸ ಕಾಯ್ದೆಗಾಗಿ 2025ರ ಫೆಬ್ರವರಿಯಲ್ಲಿ ಮಂಡಿಸಿದ ಮಸೂದೆಯಲ್ಲಿ, ಗಡುವು ಮೀರಿದವರಿಗೆ ಮರುಪಾವತಿ ಇಲ್ಲ ಎಂಬರ್ಥದ ಒಂದು ಅಂಶ ಸೇರಿತ್ತು. ಹಾಗಾಗಿದ್ದರೆ ತೆರಿಗೆಯ ಮಿತಿಗಿಂತ ಕಡಿಮೆ ಆದಾಯದ ಸಣ್ಣ ಜನರೇ ಹೆಚ್ಚು ಕಳೆದುಕೊಳ್ಳುತ್ತಿದ್ದರು. ಲೋಕಸಭೆಯ ಆಯ್ಕೆ ಸಮಿತಿ ಅದನ್ನು ತೆಗೆದುಹಾಕಲು ಶಿಫಾರಸು ಮಾಡಿತು, ಆಗಸ್ಟ್‌ನಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆ ಅಂಶವಿಲ್ಲ. ಡಿಸೆಂಬರ್ ಕೂಡ ಕಳೆದುಹೋದರೆ, ಸರಿಯಾದ ಕಾರಣ ತೋರಿಸಿ ವಿಳಂಬವನ್ನು ಮನ್ನಿಸುವಂತೆ ಕಲಂ 119(2)(ಬಿ) ಅಡಿಯಲ್ಲಿ ಅರ್ಜಿ ಹಾಕಬಹುದು; 2024ರ ಅಕ್ಟೋಬರ್‌ನ ಸುತ್ತೋಲೆಯಂತೆ ಇದಕ್ಕೆ ಕರನಿರ್ಧಾರಣಾ ವರ್ಷ ಮುಗಿದ ಮೇಲೆ ಐದು ವರ್ಷಗಳ ಮಿತಿ. ಐಟಿಆರ್-ಯು ಎಂಬ ನವೀಕೃತ ರಿಟರ್ನಿನಲ್ಲಿ ಮಾತ್ರ ಮರುಪಾವತಿಯನ್ನು ಕೇಳಲು ಬರುವುದಿಲ್ಲ.

ಪ್ರಾಮಾಣಿಕರೂ ಕಾಯಬೇಕಾದದ್ದು ಏಕೆ?

2025ರಲ್ಲಿ ಅನೇಕರ ಮರುಪಾವತಿ ತಿಂಗಳುಗಟ್ಟಲೆ ತಡವಾಯಿತು. ಕಡಿಮೆ ಮೊತ್ತದವು ಬಿಡುಗಡೆಯಾಗುತ್ತಿವೆ, ದೊಡ್ಡ ಮೊತ್ತದ ಹಾಗೂ ಅನುಮಾನ ಹುಟ್ಟಿಸಿದ ಕೋರಿಕೆಗಳನ್ನು ಪರಿಶೀಲಿಸಲಾಗುತ್ತಿದೆ ಎಂದು ಮಂಡಳಿಯ ಅಧ್ಯಕ್ಷರು ಆ ನವೆಂಬರ್‌ನಲ್ಲಿ ಹೇಳಿದರು. ಹಿನ್ನೆಲೆ ಹೀಗಿದೆ. ಇಲ್ಲದ ದಾನ, ಕಟ್ಟದ ಬಾಡಿಗೆ, ಕೊಡದ ವಿಮೆಯ ಕಂತುಗಳನ್ನು ತೋರಿಸಿ ಹೆಚ್ಚಿನ ಮರುಪಾವತಿ ಕೊಡಿಸುತ್ತೇವೆಂದು ಕಮಿಷನ್ ಪಡೆಯುವ ಮಧ್ಯವರ್ತಿಗಳ ಜಾಲಗಳು ಬೆಳೆದಿದ್ದವು. 2025ರ ಜುಲೈ 14ರಂದು ಇಲಾಖೆ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಮ್ಮ ರಿಟರ್ನುಗಳನ್ನು ತಿದ್ದಿ ರೂ. 1,045 ಕೋಟಿಯ ಸುಳ್ಳು ಕೋರಿಕೆಗಳನ್ನು ಹಿಂದಕ್ಕೆ ಪಡೆದಿದ್ದರೆಂದು ಪ್ರಕಟಿಸಿತು. ಜರಡಿ ಸಣ್ಣದಾದಾಗ ಒಳ್ಳೆಯ ಕಾಳೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಸ್ಟೆಲಿಗೆ ಬಂದು ‘ಪ್ಯಾನ್, ಪಾಸ್‌ವರ್ಡ್ ಕೊಡಿ, ಉಳಿದದ್ದು ನಮಗೆ ಬಿಡಿ’ ಎನ್ನುವವರು ಸಿಕ್ಕರೆ ದೂರವಿರಿ. ಸುಳ್ಳು ಕೋರಿಕೆಗೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಬೀಳಬಹುದು, ಮತ್ತು ಅದು ಬೀಳುವುದು ಪ್ಯಾನ್ ಯಾರದೋ ಅವರ ಮೇಲೆ, ಮಧ್ಯವರ್ತಿಯ ಮೇಲಲ್ಲ.

ಹಾಗೆಯೇ ‘ನಿಮ್ಮ ಮರುಪಾವತಿ ಮಂಜೂರಾಗಿದೆ, ಈ ಕೊಂಡಿಯನ್ನು ಒತ್ತಿ’ ಎಂದು ಮೊಬೈಲಿಗೆ ಬರುವ ಸಂದೇಶಗಳು. ಕಾಯುತ್ತಿರುವವರ ಆಸೆಯೇ ಅವರ ಬಂಡವಾಳ. ಇಲಾಖೆ ಗುಪ್ತಸಂಖ್ಯೆಯನ್ನಾಗಲಿ ಬ್ಯಾಂಕಿನ ಪಿನ್ ಅನ್ನಾಗಲಿ ಕೇಳುವುದಿಲ್ಲ.

ದೂರು ಕೊಡುವ ಕ್ರಮ

ದೃಢೀಕರಣ ಆಗಿದೆ, 26ಎಎಸ್ ಸರಿಯಿದೆ, ಖಾತೆ ಸರಿಯಿದೆ, ನೋಟಿಸು ಬಾಕಿಯಿಲ್ಲ. ಆದರೂ ತಿಂಗಳುಗಳು ಉರುಳುತ್ತಿವೆ ಎಂದಾಗ ದೂರು ಕೊಡಿ. ಇ-ಫೈಲಿಂಗ್ ಜಾಲತಾಣದಲ್ಲಿಯೇ ಕುಂದುಕೊರತೆಯ ವಿಭಾಗವಿದೆ. ಅಲ್ಲಿ ಪರಿಹಾರ ಸಿಗದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆಯಾದ ಸಿಪಿಗ್ರಾಮ್ಸ್ ಇದೆ. ದೂರಿನಲ್ಲಿ ಕೋಪವನ್ನು ಬರೆಯಬೇಡಿ, ಅಂಕಿಗಳನ್ನು ಬರೆಯಿರಿ: 15 ಅಂಕಿಗಳ ಸ್ವೀಕೃತಿ ಸಂಖ್ಯೆ, ಕರನಿರ್ಧಾರಣಾ ವರ್ಷ, ದೃಢೀಕರಿಸಿದ ದಿನ, ಬರಬೇಕಾದ ಮೊತ್ತ, ಈಗ ಕಾಣುತ್ತಿರುವ ಸ್ಥಿತಿ. ಇಲಾಖೆಯ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ತಪ್ಪಿದ್ದರೆ ಅದಕ್ಕೆ ದೂರಲ್ಲ, ಕಲಂ 154ರ ತಿದ್ದುಪಡಿ ಅರ್ಜಿಯೇ ಬೇಕು. ಇದಾವುದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕದೊಂದಿಗೆ ನಿಮ್ಮ ರಿಟರ್ನ್ ಯಾವ ಹಂತದಲ್ಲಿದೆ, ಯಾವ ಕಾರಣಕ್ಕೆ ನಿಂತಿದೆ ಎಂದು ಕೇಳಬಹುದು. 30 ದಿನಗಳೊಳಗೆ ಉತ್ತರಿಸಬೇಕು.

ನಮ್ಮ ವಿದ್ಯಾರ್ಥಿನಿಯ ಖಾತೆಗೆ ರೂ. 6,240 ಬಂದು ಸೇರಿದಾಗ ಅವಳಿಗೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಆರು ಸಾವಿರ ಅವಳದೇ ಹಣ, ಅದು ಹೊಸ ಆದಾಯವಲ್ಲ. ಆದರೆ ಮೇಲಿನ ರೂ. 240 ಬಡ್ಡಿ, ಮುಂದಿನ ರಿಟರ್ನಿನಲ್ಲಿ ಅದನ್ನು ಇತರ ಮೂಲಗಳ ಆದಾಯವೆಂದು ತೋರಿಸಬೇಕು.